ನಾವೇನೂ ಮಾಡಿಲ್ಲ, ಕಾರು ತಾನಾಗಿಯೇ ನಿಂತಿತು

ಸ್ಟಾರ್ಟ್ ಆಗದ ಕಾರಿನ ಮಾಲೀಕರು ಬಾಯಿ ಬಿಟ್ಟರೆ ಬರುವ ಮೊದಲ ಮಾತು ಒಂದೇ: "ನಾವೇನೂ ಮಾಡಿಲ್ಲ." ತೆಲುಗಿನವರಾದರೆ ಕೊನೆಗೊಂದು "ಅಂಡಿ" ಸೇರಿಸಿ ಮರ್ಯಾದೆಯಿಂದ ಸುಳ್ಳು ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ತೆಲುಗು ರಾಜ್ಯ ಎರಡಾದ ವರ್ಷ ದಾವಣಗೆರೆಯಿಂದ ಬಂದು ವಿಶಾಖಪಟ್ಟಣದ ಪೆಂದುರ್ತಿಯಲ್ಲಿ ಗ್ಯಾರೇಜು ತೆರೆದವನು ನಾನು. ಅಂದಿನಿಂದ ಈ ಮಾತು ಕೇಳದ ವಾರವಿಲ್ಲ. ಅದಕ್ಕೇ ಬಾನೆಟ್ ಎತ್ತುವ ಮೊದಲು ಒಂದು ಪ್ರಶ್ನೆ ಕೇಳಿಬಿಡುತ್ತೇನೆ: "ಗಾಡಿಗೆ ಹೊಸದಾಗಿ ಏನು ಮಾಡಿದಿರಿ?" ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ನನ್ನ ಈ ವಿದ್ಯೆಗೆ ಬೆಲೆ ಕೊಡದವರು ಒಬ್ಬರೇ, ವಿಜಯವಾಡದ ನನ್ನ ಮಾವ. ಎರಡು ತಲೆಮಾರಿನಿಂದ ಅಲ್ಲೇ ನೆಲೆಸಿದ ಕನ್ನಡದ ಮನೆ ಅವರದು. ನಿವೃತ್ತ ಹೆಡ್ ಕ್ಲರ್ಕ್. ನೆಂಟರಿಗೆ ನನ್ನನ್ನು ಪರಿಚಯಿಸುವಾಗ "ಆಟೋಮೊಬೈಲ್ ಲೈನಿನಲ್ಲಿದ್ದಾರೆ" ಅನ್ನುತ್ತಾರೆ. ಮೆಕ್ಯಾನಿಕ್ ಎಂಬ ಪದ ಅವರ ನಾಲಿಗೆಗೆ ಹತ್ತದು. ಮದುವೆಯಾಗಿ ನಾಲ್ಕು ವರ್ಷವಾದರೂ ತಮ್ಮ ಕಾರನ್ನು ನನಗೆ ಮುಟ್ಟಗೊಟ್ಟಿರಲಿಲ್ಲ. ಆ ಕಾರು ಒಂದು ದಿನ ಕೆಡಲಿ ಎಂದು ನಾನು ಮನಸಾರೆ ಹಾರೈಸುತ್ತಿದ್ದೆ. ಅದರ ಕಥೆ ಕೊನೆಗೆ ಹೇಳುತ್ತೇನೆ.

ನೈವೇದ್ಯ

ಮೈಸೂರು ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯೊಬ್ಬರು ದಸರಾ ಮುಗಿದ ವಾರ ಫೋನ್ ಮಾಡಿದರು. "ಸ್ಟಾರ್ಟ್ ಆಗ್ತಾ ಇಲ್ಲ ಕಣ್ರೀ. ನಾವೇನೂ ಮಾಡಿಲ್ಲ."

ಹೋಗಿ ಬಾನೆಟ್ ಎತ್ತಿದೆ. ಬ್ಯಾಟರಿಯ ಮೇಲೆ ಅರಿಶಿನ, ಕುಂಕುಮ, ಎರಡು ಖಾಲಿ ತೆಂಗಿನ ಚಿಪ್ಪು. ಪಕ್ಕದಲ್ಲಿ ಇಲಿ ಕಡಿದ ವೈರುಗಳು.

"ಇದೇನು ಸಾರ್?"

"ಆಯುಧಪೂಜೆದು. ಎಲ್ಲರೂ ಟೈರಿಗೆ ಪೂಜೆ ಮಾಡ್ತಾರೆ. ಓಡೋದು ಎಂಜಿನ್ ಅಲ್ವೇನ್ರೀ?"

"ಎರಡು ಚಿಪ್ಪು ಯಾಕೆ?"

ಅವರ ದನಿ ಇಳಿಯಿತು. ಮೊದಲ ದಿನ ಇಟ್ಟ ಹೋಳು ಬೆಳಗಾಗುವಷ್ಟರಲ್ಲಿ ಖಾಲಿಯಾಗಿತ್ತಂತೆ. ದೇವರು ಸ್ವೀಕರಿಸಿದನೆಂದು ಇನ್ನೊಂದು ಹೋಳು ಇಟ್ಟಿದ್ದರಂತೆ.

ಹದಿನಾಲ್ಕನೆಯ ಕಾರಣ

ಅಚ್ಯುತಾಪುರಂನ ಒಂದು ಕಾರ್ಖಾನೆಯ ಗೇಟಿನಲ್ಲಿ ಮ್ಯಾನೇಜರರ ಹೊಸ ಆಟೋಮ್ಯಾಟಿಕ್ ಕಾರು ನಿಂತುಬಿಟ್ಟಿತ್ತು. ಪಾಸ್ ತೋರಿಸಲು ಎಂಜಿನ್ ಆರಿಸಿದ್ದೇ ನೆಪ, ಮತ್ತೆ ಸ್ಟಾರ್ಟ್ ಆಗಲಿಲ್ಲ. ನಾನು ಹೋಗುವಷ್ಟರಲ್ಲಿ ಸುತ್ತ ಐವರು ಎಂಜಿನಿಯರುಗಳು. ಒಬ್ಬರ ಕೈಯಲ್ಲಿ ಹಾಳೆ. ಅದರಲ್ಲಿ ಕಾರು ಸ್ಟಾರ್ಟ್ ಆಗದಿರಲು ಕಾರಣಗಳ ಪಟ್ಟಿ. ಹಿಂದೆ ಲಾರಿಗಳು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು.

ನಾನು ಒಳಗೆ ಕೂತು ನೋಡಿದೆ. ಗೇರು ಓಡುವ ಸ್ಥಾನದಲ್ಲೇ ಇತ್ತು. ಹಾಗಿದ್ದರೆ ಆ ಕಾರು ಸ್ಟಾರ್ಟ್ ಆಗುವುದಿಲ್ಲ, ಮಾಡಿರುವುದೇ ಹಾಗೆ. ಗೇರನ್ನು ನಿಲುಗಡೆಯ "ಪಾರ್ಕ್" ಸ್ಥಾನಕ್ಕೆ ತಂದು ಕೀ ತಿರುಗಿಸಿದೆ. ಎಂಜಿನ್ ಎದ್ದಿತು.

ಮ್ಯಾನೇಜರ್ ಹಾಳೆ ಇಸಿದುಕೊಂಡು ಗಂಭೀರವಾಗಿ ನೋಡಿದರು. "ಇದು ನಮ್ಮ ಪಟ್ಟಿಯಲ್ಲಿ ಹದಿನಾಲ್ಕನೆಯದು ಅಂಡಿ. ನಾವಿನ್ನೂ ಒಂಬತ್ತರಲ್ಲಿದ್ದೆವು."

ಮಾವನವರ ಕಾರು

ನಾದಿನಿಯನ್ನು ನೋಡಲು ವರನ ತಂದೆ ತಾಯಿ ವಿಮಾನದಲ್ಲಿ ಬರುವವರಿದ್ದರು. ಅದಕ್ಕೆಂದೇ ನಾನೂ ಹಿಂದಿನ ದಿನ ವಿಜಯವಾಡಕ್ಕೆ ಹೋಗಿದ್ದೆ. ಮಾವನವರೇ ಗನ್ನವರಂ ವಿಮಾನ ನಿಲ್ದಾಣಕ್ಕೆ ಹೋಗಿ ಕರೆತರಬೇಕು. ಬೆಳಗ್ಗೆ ಕಾರು ಬಡ್ಡು ಬಡ್ಡು ಅಂದಿತೇ ಹೊರತು ಏಳಲಿಲ್ಲ. ಅವರು ಅತ್ತಿತ್ತ ನೋಡಿ, ಬೇರೆ ದಾರಿ ಕಾಣದೆ ನನ್ನ ಬಳಿ ಬಂದರು.

"ಅಳಿಯ ಗಾರೂ, ಸ್ವಲ್ಪ ನೋಡ್ತೀರಾ?"

ನಾಲ್ಕು ವರ್ಷ ಕಾದ ಮಾತು! ಶರ್ಟಿನ ತೋಳು ಮಡಚಿದೆ. ಗಿರಾಕಿಗಳಿಗೆ ಕೇಳುವ ಪ್ರಶ್ನೆಯನ್ನು ಮಾವನವರಿಗೆ ಕೇಳುವುದು ಹೇಗೆ? ಹೆಣ್ಣು ಕೊಟ್ಟವರಿಂದ ತಪ್ಪೊಪ್ಪಿಸಿದಂತಾಗುತ್ತದೆ ಎಂದು ಸುಮ್ಮನಾದೆ. ಅವರೋ ಕೀಯನ್ನು ಯಾರ ಕೈಗೂ ಕೊಡುವವರಲ್ಲ. ತಾವೇ ಸೀಟಿನಲ್ಲಿ ಕೂತರು. ನಾನು ಬಾನೆಟ್ಟಿನೊಳಗೆ ತಲೆ ತೂರಿಸಿ "ಹೊಡೀರಿ ಮಾವ" ಅನ್ನುವುದು, ಅವರು ಹೊಡೆಯುವುದು. ಪ್ಲಗ್ಗು ಬಿಚ್ಚಿದೆ. ಫ್ಯೂಸ್ ಎಲ್ಲ ತೆಗೆದು ಹಾಕಿದೆ. ಪೆಟ್ರೋಲ್ ಪೈಪು ಕಳಚಿ ಮೈಗೆಲ್ಲ ಎರಚಿಕೊಂಡೆ. ಎರಡು ಗಂಟೆ ಹೋಯಿತು. ವಿಜಯವಾಡದ ಬಿಸಿಲು ನೆತ್ತಿ ಸುಡುತ್ತಿತ್ತು.

"ಇದರ ಕಂಪ್ಯೂಟರೇ ಹೋಗಿದೆ ಮಾವ," ಎಂದು ಕೊನೆಗೆ ಘೋಷಿಸಿದೆ.

ಅತ್ತೆ ಕಾಫಿ ತಂದರು. "ನಿನ್ನೆ ಸಂಜೆ ಕೀಗೆ ಬೆಳ್ಳಿ ಕವಚ ಮಾಡಿಸಿದ್ರಲ್ಲ, ಅದರಿಂದೇನಾದರೂ ಆಯ್ತೇನೋ," ಅಂದರು.

ನಾನು ತಲೆ ಹೊರಗೆ ತೆಗೆದೆ. ಮಾವನವರ ಮುಷ್ಟಿಯಲ್ಲಿ ಕೀ ಫಳಫಳ ಹೊಳೆಯುತ್ತಿತ್ತು. ಬೆಳ್ಳಿ ಮುಟ್ಟಿಯೇ ಗಾಡಿ ತೆಗೆಯಬೇಕೆಂದು ಜ್ಯೋತಿಷಿ ಹೇಳಿದ್ದರಂತೆ. ಕೀಯ ತಲೆಯಲ್ಲಿ ಸಣ್ಣ ಚಿಪ್ ಇರುತ್ತದೆ, ಕಾರು ಅದನ್ನು ಗುರುತು ಹಿಡಿದರೆ ಮಾತ್ರ ಎಂಜಿನ್ ಏಳುತ್ತದೆ; ಲೋಹ ಅಡ್ಡವಾದರೆ ಗುರುತು ಸಿಗದು. ಅದಕ್ಕೆ ಲೋಹ ಸುತ್ತಬೇಡಿ ಎಂದು ಗಿರಾಕಿಗಳಿಗೆ ಬೈದು ಬೈದು ನನ್ನ ಗಂಟಲು ಒಣಗಿದೆ. ನಾಚಿಕೆಯಿಂದ ತಲೆ ತಗ್ಗಿಸಿ, ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದೆ. ಅಷ್ಟರಲ್ಲಿ ಅತ್ತೆ ದೇವರ ಮನೆಯಿಂದ ಇನ್ನೊಂದು ಕೀ ತಂದುಕೊಟ್ಟರು. ಒಂದೇ ತಿರುವಿಗೆ ಕಾರು ಎದ್ದಿತು.

ಆಗಲೇ ಗೇಟಿನ ಮುಂದೆ ಟ್ಯಾಕ್ಸಿ ನಿಂತು, ಕಾದು ಬೇಸತ್ತ ಬೀಗರು ಇಳಿದರು. ಮೊಣಕೈವರೆಗೆ ಗ್ರೀಸಾಗಿದ್ದ ನನ್ನನ್ನು ಮಾವನವರು ಥಟ್ಟನೆ ಮುಂದಕ್ಕೆ ತಳ್ಳಿದರು.

"ನಮ್ಮ ದೊಡ್ಡಳಿಯ," ಅಂದರು. "ಮೆಕ್ಯಾನಿಕ್ಕು."

ನಾಲ್ಕು ವರ್ಷದಿಂದ ಕೇಳಬಯಸಿದ ಪದ ಬಂದದ್ದು ಅಂಥ ಹೊತ್ತಿನಲ್ಲಿ! ಬೀಗರು ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿ ಕೇಳಿದರು: "ಏನು ಮಾಡಿದ್ರಿ ಗಾಡಿಗೆ?"

ಮಾವನವರೂ ನಾನೂ ಒಂದೇ ಉಸಿರಿಗೆ ಹೇಳಿದೆವು: "ನಾವೇನೂ ಮಾಡಿಲ್ಲ!"