ಮಗಳ ಹದಿನೈದರ ಹಬ್ಬಕ್ಕೆ ದಯಮಾಡಿಸಿದ ಟರ್ಬೊ ಪೈಪಿನವರಿಗೆ

ಮೂರಂಗುಲ ಅಗಲದ ಬಾಯಿಯೂ ಎರಡು ಕಡೆ ಬಳುಕಿದ ಸೊಂಟವೂ ಕನ್ನಡಿಯಂಥ ಹೊಳಪೂ ಉಳ್ಳ, ಎಂಜಿನ್ನಿನ ಟರ್ಬೊದಿಂದ ಹೊಗೆಯನ್ನು ಹೊರಗೊಯ್ಯುವ ಶ್ರೀಮಾನ್ ಡೌನ್‌ಪೈಪ್ ಅವರ ಘನ ಸನ್ನಿಧಿಗೆ,
ವಾಸ: ನಮ್ಮ ಕಾರಿನ ಹೊಟ್ಟೆಯ ಕೆಳಗೆ, ಮೋಕಾ ಪಟ್ಟಣ, ಪೋರ್ಟೊ ರಿಕೊ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂಬ ಸಮಾಚಾರ ದಿನಾ ಬೆಳಿಗ್ಗೆ ನಮಗೂ, ಚರ್ಚಿನ ಹಿಂದಿನ ಬೀದಿಯವರಿಗೂ, ಗುಡ್ಡದಾಚೆ ಮೇಯುವ ಹಸುಗಳಿಗೂ ಸ್ಪಷ್ಟವಾಗಿ ತಲುಪುತ್ತಿರುವುದರಿಂದ, ಲೋಕರೂಢಿಯಂತೆ ಕ್ಷೇಮ ವಿಚಾರಿಸುವ ಶ್ರಮ ತೆಗೆದುಕೊಳ್ಳದೆ ನೇರವಾಗಿ ಸಾಷ್ಟಾಂಗ ವಂದನೆ ಸಲ್ಲಿಸುತ್ತೇನೆ. ಸಾಷ್ಟಾಂಗವನ್ನು ಬೆನ್ನ ಮೇಲೆ ಮಲಗಿಯೂ ಮಾಡಬಹುದೆಂಬುದನ್ನು ನಮ್ಮ ಮನೆಗೆ ಕಲಿಸಿದವರು ತಾವೇ. ನಾನು ಈ ಮನೆಯ ಹೆಂಗಸು, ಕಡ್ಡಿಗಳಲ್ಲಿ ನೂಲು ಹೆಣೆದು ಮುಂಡಿಯೊ ಲೇಸು ಮಾಡುವ ಇವೆಲಿಸ್ಸೆ. ತಮಗೆ ಓದಲು ಬಾರದೆಂದು ಬಲ್ಲೆ. ಆದರೆ ತಮ್ಮ ಭಕ್ತಾದಿಗಳಿಗೆ ಬರುವುದರಿಂದ, ಅವರೆಲ್ಲ ದಿನಕ್ಕೊಮ್ಮೆಯಾದರೂ ಹೋಗಿ ನಿಲ್ಲುವ ಹಾರ್ಡ್‌ವೇರ್ ಅಂಗಡಿಯ ಬಾಗಿಲಿಗೆ ಈ ಪತ್ರವನ್ನು ಅಂಟಿಸುತ್ತಿದ್ದೇನೆ.

ತಾವು ಪೆಟ್ಟಿಗೆಯೊಳಗೆ ಪವಡಿಸಿ ನಮ್ಮ ಮನೆಗೆ ಆಗಮಿಸಿದ ದಿನವನ್ನು ನಾನು ಮರೆಯುವಂತಿಲ್ಲ. ದಿನವಿಡೀ ಶಾಲೆಯ ಬಸ್ಸನ್ನು ಆಮೆಯಂತೆ ಓಡಿಸಿ, ಮೂಲೆಮೂಲೆಗೂ ನಿಲ್ಲಿಸಿ, ಮಕ್ಕಳ ಮೂಗು ಒರೆಸಿ ಮನೆಗೆ ಬರುವ ನನ್ನ ಯಜಮಾನರಾದ ಎಫ್ರಾಯಿನ್ ಅವರು ಅಂದು ತಮ್ಮನ್ನು ಎರಡೂ ತೋಳುಗಳಲ್ಲಿ ಎತ್ತಿ, ನಾನು ಮಗಳ ಹಬ್ಬಕ್ಕೆಂದು ಹೆಣೆದು ಹಾಸಿದ್ದ ಲೇಸಿನ ಮೇಜುಬಟ್ಟೆಯ ಮೇಲೆ ಮಲಗಿಸಿದರು. ಬೀದಿಯ ಗಂಡಸರು ಒಬ್ಬೊಬ್ಬರಾಗಿ ಬಂದು ಬಾಣಂತಿಯ ಮನೆಗೆ ಬಂದವರ ಹಾಗೆ ದನಿ ತಗ್ಗಿಸಿ ತಮ್ಮನ್ನು ದರ್ಶಿಸಿದರು. ಅತ್ತೆ ದೋನ್ಯಾ ಗೆನೊವೆವ ಕೂಡ ಕನ್ನಡಕ ಏರಿಸಿ, "ಅಯ್ಯೋ, ಏನು ಹೊಳಪು ಕಣೇ! ಪಾದ್ರಿಗಳ ಪೂಜೆ ಬಟ್ಟಲೂ ಹೀಗೆ ಹೊಳೆಯಲ್ಲ" ಅಂದರು. ಅಂದಿನಿಂದ ನಾವು ಅನ್ನ, ತೊಗರಿಕಾಳನ್ನು ತಟ್ಟೆಯಲ್ಲಿಟ್ಟುಕೊಂಡು ಅಡುಗೆಮನೆಯಲ್ಲಿ ನಿಂತೇ ಉಂಡೆವು.

ತಮ್ಮ ಅಗತ್ಯವೇನೆಂದು ಕೇಳುವ ಅಜ್ಞಾನವನ್ನು ನಾನು ಪ್ರದರ್ಶಿಸಿದೆ. "ಟರ್ಬೊ ಉಸಿರಾಡ್ಬೇಕು ಕಣೇ. ಹಳೇ ಪೈಪು ಪಾಪ ಅದರ ಕತ್ತು ಹಿಸುಕ್ತಾ ಇದೆ" ಎಂದು ಯಜಮಾನರು ವಿವರಿಸಿದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ಮದುವೆಯಾದಂದಿನಿಂದ ನನ್ನ ಉಸಿರಾಟದ ಬಗ್ಗೆ ಅವರು ಅಷ್ಟು ಮರುಗಿದ್ದು ನನಗೆ ನೆನಪಿಲ್ಲ. ತಮ್ಮ ಪೆಟ್ಟಿಗೆಯ ಮೇಲೆ "ಕತ್ತರಿಸುವುದಿಲ್ಲ, ಬೆಸೆಯುವುದಿಲ್ಲ, ಮನೆಯಲ್ಲೇ ಒಂದು ಮಧ್ಯಾಹ್ನದ ಕೆಲಸ" ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಯಾವ ದೇಶದ ಮಧ್ಯಾಹ್ನ ಎಂಬುದನ್ನು ಮಾತ್ರ ಹಾಕಿರಲಿಲ್ಲ, ಮಾನ್ಯರೇ.

ಇನ್ನು ನನ್ನ ಅಹವಾಲಿನ ಮೂಲಕ್ಕೆ ಬರುತ್ತೇನೆ. ನಮ್ಮ ಮಗಳು ಯಾರಿಮಾರ್‌ಗೆ ಆ ತಿಂಗಳು ಹದಿನೈದು ತುಂಬುವುದಿತ್ತು. ಹದಿನೈದರ ಹಬ್ಬವೆಂದರೆ ಚರ್ಚಿನಲ್ಲಿ ಪೂಜೆ, ಆಮೇಲೆ ಮನೆಯ ಮುಂದಿನ ಮಾರ್ಕೆಸಿನದಲ್ಲಿ ಊಟ, ಕುಣಿತ. ಕಾಂಕ್ರೀಟು ಸೂರು, ಕಬ್ಬಿಣದ ಗೇಟು ಇರುವ ಆ ಮಾರ್ಕೆಸಿನ ಹೆಸರಿಗೆ ಕಾರು ನಿಲ್ಲಿಸುವ ಜಾಗ. ಬಳಕೆಗೆ ನಮ್ಮ ಮದುವೆಯ ಚಪ್ಪರವೂ ಅದೇ, ಸತ್ತವರಿಗಾಗಿ ಜಪಮಾಲೆ ಹಿಡಿದು ಕೂರುವ ಜಾಗವೂ ಅದೇ. ಅಲ್ಲಿ ನೆರೆದವರೆಲ್ಲರ ಎದುರು ಮಗಳನ್ನು ಹೂವಿನ ಕುರ್ಚಿಯಲ್ಲಿ ಕೂರಿಸಿ, ಅಪ್ಪ ಮಂಡಿಯೂರಿ, ಅವಳ ಕಾಲಿನ ಚಪ್ಪಟೆ ಶೂ ಬಿಚ್ಚಿ, ಮೊಟ್ಟಮೊದಲ ಎತ್ತರದ ಹಿಮ್ಮಡಿಯ ಶೂ ತೊಡಿಸಬೇಕು. ಆಮೇಲೆ ಕೈಹಿಡಿದು ಎಬ್ಬಿಸಿ ಮೊದಲ ವಾಲ್ಟ್ಸ್ ಕುಣಿಯಬೇಕು. ನನ್ನ ಮಗಳು ಪುಟ್ಟ ಹುಡುಗಿಯಾಗಿದ್ದಾಗಿನಿಂದ ನನ್ನ ಶೂ ಹಾಕಿಕೊಂಡು ಇದನ್ನೇ ಆಟವಾಡಿದವಳು. ಹಬ್ಬಕ್ಕೆ ಏನು ಬೇಕು ಎಂದು ಕೇಳಿದಾಗ, "ಹಾಲ್ ಬೇಡ, ಬ್ಯಾಂಡ್ ಬೇಡ. ಪಪ್ಪಾ, ನೀನು ವಾಲ್ಟ್ಸ್ ಒಂದನ್ನ ಸರಿಯಾಗಿ ಕಲ್ತುಬಿಡು, ನಂಗೆ ಅಷ್ಟೇ ಸಾಕು" ಅಂದಳು. ಯಜಮಾನರು ಎದೆ ಮುಟ್ಟಿಕೊಂಡು ಮಾತು ಕೊಟ್ಟರು. ಅಷ್ಟರಲ್ಲಿ ತಾವು ದಯಮಾಡಿಸಿದಿರಿ.

ಅವರ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲವಾದರೆ ನನ್ನ ನಾಲಿಗೆಗೆ ಪಾಪ ಸುತ್ತಿಕೊಳ್ಳುತ್ತದೆ. ತಮ್ಮನ್ನು ಅವರು ತರಿಸಿದ್ದು ಮಗಳಿಗಾಗಿಯೇ ಅಂತೆ. "ಹಬ್ಬದ ದಿನ ಅವಳನ್ನ ಕೂರಿಸ್ಕೊಂಡು ಊರ ನಡುವಿನ ಪ್ಲಾಜಾ ಸುತ್ತ ಒಂದು ಸುತ್ತು ಹಾಕ್ತೀನಿ ನೋಡು. ಊರಿಗೂರೇ ತಿರುಗಿ ನೋಡ್ಬೇಕು!" ಎಂದಿದ್ದರು. ಮಗಳು ಅದನ್ನು ಕೇಳಿರಲಿಲ್ಲವೆಂಬುದು ಬೇರೆ ಮಾತು.

ನಮ್ಮ ಬೀದಿಯಲ್ಲಿ ಒಬ್ಬ ಗಂಡಸು ಕಾರಿನ ಬಾನೆಟ್ಟು ಎತ್ತಿದರೆ ಉಳಿದವರು ಅವನನ್ನು ಒಂಟಿಯಾಗಿ ಬಿಡುವುದು ಮಹಾಪಾಪ. ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಕುರ್ಚಿ, ತಮ್ಮ ಬಿಯರು, ತಮ್ಮ ಅಭಿಪ್ರಾಯ ಹೊತ್ತುಕೊಂಡು ಬಂದು ಕಾರಿನ ಸುತ್ತ ನ್ಯಾಯಪೀಠದಂತೆ ಕುಳಿತರು. ಪೆಟ್ಟಿಗೆಯಲ್ಲಿದ್ದ ಸೂಚನೆಯ ಹಾಳೆಯನ್ನು ಯಾರೂ ಓದಲಿಲ್ಲ. ಅದನ್ನು ಓದಿದವನನ್ನು ಅವರು ಆಮೇಲೆ ಗಂಡಸೆಂದು ಎಣಿಸುತ್ತಿರಲಿಲ್ಲ. ಪೀಠದ ಅಧ್ಯಕ್ಷರು ನನ್ನ ಮಗಳ ಧರ್ಮಪಿತನೂ ಯಜಮಾನರ ಆಪ್ತನೂ ಆದ ಚಾಗೊ. ಟರ್ಬೊಗೂ ಹಳೆಯ ಪೈಪಿಗೂ ನಡುವಿನ ನಟ್ಟುಗಳು ತುಕ್ಕು ಹಿಡಿದು ಕೂತಿದ್ದವು. ಎಣ್ಣೆ ಬಿಟ್ಟು, ಬಿಸಿ ತೋರಿಸಿ, ತಾಳ್ಮೆಯಿಂದ ಬಿಡಿಸಬೇಕು ಎಂದು ಒಬ್ಬರು ಗೊಣಗಿದ್ದು ನನಗೂ ಕೇಳಿಸಿತು. "ತಾಳ್ಮೆ ಹೆಂಗಸರ ಕೆಲಸ ಕಣಯ್ಯ, ಸ್ಪ್ಯಾನರಿಗೆ ಉದ್ದ ಪೈಪು ಸಿಗಿಸಿ ಎಳಿ!" ಎಂದು ಚಾಗೊ ಅಪ್ಪಣೆ ಕೊಡಿಸಿದ. ಎಳೆದರು. ನಟ್ಟು ಬಂತು, ಜೊತೆಗೆ ಅದು ಕೂತಿದ್ದ ಸ್ಟಡ್ಡೆಂಬ ತಿರುಪು ಕಡ್ಡಿಯ ಅರ್ಧವೂ ಬಂತು. ಉಳಿದರ್ಧ ಟರ್ಬೊ ಒಳಗೇ ಮುರಿದು ಕೂತಿತು.

ಅದನ್ನು ಕೊರೆದು ತೆಗೆಯಲು ಕೈ ಹೋಗಬೇಕು, ಕೈ ಹೋಗಲು ಜಾಗ ಬೇಕು, ಜಾಗಕ್ಕಾಗಿ ಮುಂದಿನ ಚಕ್ರವನ್ನೂ ಅದನ್ನು ತಿರುಗಿಸುವ ದಂಡವನ್ನೂ ಬಿಚ್ಚಿದರು. ಹೀಗೆ ಒಂದು ಮಧ್ಯಾಹ್ನದ ಕೆಲಸವಾಗಿ ಶುರುವಾದದ್ದು, ಕಾರನ್ನು ಸ್ಟ್ಯಾಂಡುಗಳ ಮೇಲೆ ಏರಿಸಿ, ತಳ್ಳಲೂ ಬಾರದ, ಎಳೆಯಲೂ ಬಾರದ ಸ್ಥಿತಿಯಲ್ಲಿ ನನ್ನ ಮಗಳ ಹಬ್ಬದ ಚಪ್ಪರದ ನಟ್ಟನಡುವೆ ಪ್ರತಿಷ್ಠಾಪಿಸಿತು. ಹಬ್ಬ ಹತ್ತಿರ ಬಂದಾಗ ನಾನು, "ಎಫ್ರಾಯಿನ್, ಹೋಗ್ಲಿ ಬಿಡೋ, ಹಳೇ ಪೈಪನ್ನೇ ಹಾಕಿ ಕಾರು ಆಚೆ ತೆಗಿ, ಹಬ್ಬ ಆದ್ಮೇಲೆ ಏನ್ ಬೇಕಾದ್ರೂ ಮಾಡ್ಕೋ" ಎಂದು ಬೇಡಿಕೊಂಡೆ. ಹಳೆಯ ಪೈಪನ್ನು ಎಲ್ಲೆಲ್ಲೂ ಹುಡುಕಿದೆವು. ಕೊನೆಗೆ ಚಾಗೊ ತಲೆ ಕೆರೆದುಕೊಂಡು, "ಅದಿನ್ನು ಯಾಕೆ ಬೇಕು ಅಂದ್ಕೊಂಡೆ ತಂಗೀ. ಹಬ್ಬಕ್ಕೆ ಹಂದಿ ಸುಡೋ ಒಲೆಗೆ ಹೊಗೆ ಹೋಗೋಕೊಂದು ದಾರಿ ಬೇಡ್ವಾ?" ಅಂದ. ಅದನ್ನು ಎರಡು ತುಂಡು ಮಾಡಿ ಒಲೆಗೆ ಬೆಸೆದಾಗಿತ್ತು. ಹಂದಿ ಮಾತ್ರ ಬಹಳ ಚೆನ್ನಾಗಿ ಬೆಂದಿತು ಎಂದು ಒಪ್ಪಿಕೊಳ್ಳುತ್ತೇನೆ.

ಆ ವಾರಗಳಲ್ಲಿ ಮಗಳು ವಾಲ್ಟ್ಸ್ ಅಭ್ಯಾಸ ಮಾಡಿದ್ದು ನೆಲ ಒರೆಸುವ ಕೋಲಿನ ಜೊತೆ, ಕಾರಿಗೂ ಗೋಡೆಗೂ ನಡುವೆ ಉಳಿದ ಒಂದು ಗೇಣು ಜಾಗದಲ್ಲಿ. ಕಾರಿನ ಅಡಿಯಿಂದ ಯಜಮಾನರ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಅವಳು ಆ ಪಾದಗಳ ಪಕ್ಕದಲ್ಲೇ ಸುತ್ತುತ್ತಿದ್ದಳು. ಒಮ್ಮೊಮ್ಮೆ ಬಲಗಾಲಿನ ಹೆಬ್ಬೆರಳು ತಾಳಕ್ಕೆ ಸರಿಯಾಗಿ ಅಲ್ಲಾಡುತ್ತಿತ್ತು, ಆಗ ಅವಳ ಮುಖ ಅರಳುತ್ತಿತ್ತು. ಹೊರಗೆ ಬಂದು ಕಲಿ ಎಂದರೆ, "ಈ ನೆಲ ಇಳಿಜಾರು ಕಣೇ, ಇಲ್ಲಿ ಕುಣಿಯೋಕಾಗಲ್ಲ" ಎಂದು ಕೆಳಗಿನಿಂದಲೇ ಉತ್ತರ ಬರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಕಟ್ಟಿದವರು ನಮ್ಮ ಬೀದಿಗೆ ಬಂದಿದ್ದರೆ ಅದರಲ್ಲಿ ಹೆಂಗಸಿನ ಹೆಸರು ಬರುತ್ತಿರಲಿಲ್ಲ.

ಈ ಹಂತದಲ್ಲಿ ನಾನು ತಮಗೆ ಕೆಲವು ವಿನಂತಿಗಳನ್ನು ಮಾಡಿಕೊಳ್ಳಬೇಕೆಂದಿದ್ದೆ, ಸಂಕೋಚದಿಂದ ಸುಮ್ಮನಿದ್ದೆ. ಗಂಡನ ಪ್ರೀತಿ ಹೇಗೂ ತಮ್ಮ ಪಾಲಾಗಿರುವುದರಿಂದ, ಮಗಳ ಶಾಲೆಯ ಪೋಷಕರ ಸಭೆಗೂ ಅವರ ಪರವಾಗಿ ತಾವೇ ಹೋಗಿ ಬರಬಹುದಿತ್ತು. ಅವರಿಗಿಂತ ತಮ್ಮ ಸೊಂಟ ಚೆನ್ನಾಗಿ ಬಳುಕುವುದರಿಂದ ವಾಲ್ಟ್ಸ್ ಕೂಡ ತಾವೇ ಕಲಿತುಬಿಡಬಹುದಿತ್ತು. ಅತ್ತೆಯ ಸಂಜೆಯ ಮಾತ್ರೆ ಕೊಡುವುದು, ಸೋರುವ ನಲ್ಲಿಗೆ ಉತ್ತರ ಹೇಳುವುದು, ನಮ್ಮ ಮದುವೆಯ ದಿನವನ್ನು ನೆನಪಿಟ್ಟುಕೊಳ್ಳುವುದು ಮುಂತಾದ ಸಣ್ಣಪುಟ್ಟ ಜವಾಬ್ದಾರಿಗಳನ್ನೂ ವಹಿಸಿಕೊಂಡಿದ್ದರೆ, ಯಜಮಾನರನ್ನು ಪೂರ್ತಿಯಾಗಿ ಕಾರಿನ ಕೆಳಗೇ ಬಿಟ್ಟು ಊಟ ಒಂದನ್ನು ತಳ್ಳಿಬಿಡಲು ನನಗೇನೂ ಅಭ್ಯಂತರವಿರಲಿಲ್ಲ.

ಹಬ್ಬದ ದಿನ ಬಂತು. ಕಾರು ಅಲ್ಲೇ ಇತ್ತು. ನಾನು ಅದರ ಮೇಲೆ ಬಿಳಿ ಬಟ್ಟೆ ಹೊದಿಸಿ, ಬಾನೆಟ್ಟಿನ ಮೇಲೆ ಕೇಕು ಇಟ್ಟು, ಕನ್ನಡಿಗಳಿಗೆ ರಿಬ್ಬನ್ನು ಕಟ್ಟಿದೆ. ಬಂದವರು ಅದನ್ನೂ ನೆಂಟರಲ್ಲಿ ಒಬ್ಬರೆಂದು ಬಗೆದು ಸುತ್ತುಹಾಕಿಕೊಂಡು ಓಡಾಡಿದರು. ಬೆಳಿಗ್ಗೆಯೇ ಸ್ಟಡ್ಡನ್ನು ಕೊರೆದು ತೆಗೆದು ಹೊಸದನ್ನು ಕೂರಿಸಿದ್ದ ಯಜಮಾನರು ಚರ್ಚಿನಿಂದ ಬಂದವರೇ, ಸೂಟು ಹಾಕಿಕೊಂಡೇ, "ಒಂದೇ ಒಂದು ನಟ್ಟು ಬಾಕಿ" ಎಂದು ಬಿಳಿ ಬಟ್ಟೆಯ ಅಂಚು ಎತ್ತಿ ಕೆಳಗೆ ಜಾರಿದರು. ಮಗಳನ್ನು ಹೂವಿನ ಕುರ್ಚಿಯಲ್ಲಿ ಕೂರಿಸಿದೆವು. ಹಾಡು ಹಚ್ಚಿದೆವು. ಅವಳು ಒಂದು ಕಾಲು ಮುಂದೆ ಚಾಚಿ, ನಗುತ್ತಾ ಕಾದಳು. "ಎಫ್ರಾಯಿನ್, ಮಗು ಕಾಯ್ತಾ ಇದೆ!" ಎಂದು ಅತ್ತೆ ಕೂಗಿದರು. "ಬಂದೆ, ಬಂದೆ, ಒಂದು ಸಲ ಸ್ಟಾರ್ಟ್ ಮಾಡಿ ನೋಡ್ಬಿಡ್ತೀನಿ!" ಎಂದು ಅವರು ಹೊರಬಂದು, ಬಟ್ಟೆ ಸರಿಸಿ ಕಾರಿನೊಳಗೆ ಕೂತು ಕೀಲಿ ತಿರುಗಿಸಿದರು.

ಮಾನ್ಯರೇ, ಕಾಂಕ್ರೀಟು ಸೂರಿನಡಿಯಲ್ಲಿ ತಮ್ಮ ಮೊದಲ ಗಾನಕ್ಕೆ ಶ್ರೋತೃವಾಗುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕಿದೆಯೋ ಕಾಣೆ. ಕಿಟಕಿ ಗಾಜು ಅದುರಿತು. ಕೇಕು ಮೆಲ್ಲನೆ ಜಾರಿ ನೆಲಕ್ಕೆ ಬಂತು. ತಮ್ಮ ಮೈಗೆ ಮೆತ್ತಿದ್ದ ಎಣ್ಣೆಯೆಲ್ಲ ಕಾದು ಎದ್ದ ಹೊಗೆ, ನನ್ನ ಬೆರಳು ಸವೆಸಿ ಹೆಣೆದ ಮಗಳ ಲೇಸಿನ ಬಿಳಿ ಅಂಗಿಯನ್ನು ಸುತ್ತಿಕೊಂಡಿತು. ಬೀದಿಯ ಗಂಡಸರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಮಗಳಿಗಲ್ಲ, ತಮಗೆ.

ಆಗ ಯಾರಿಮಾರ್ ಬಗ್ಗಿದಳು. ಎರಡೂ ಚಪ್ಪಟೆ ಶೂ ತಾನೇ ಬಿಚ್ಚಿದಳು, ಪೆಟ್ಟಿಗೆಯಿಂದ ಎತ್ತರದ ಶೂ ತೆಗೆದು ತಾನೇ ತೊಟ್ಟುಕೊಂಡಳು, ಎದ್ದು ತೂರಾಡದೆ ನಡೆದು ಕಾರಿನ ಕಿಟಕಿಯ ಬಳಿ ಹೋಗಿ ಅಪ್ಪನಿಗೆ ಏನೋ ಹೇಳಿದಳು. ಅವರು ಕಿವಿಗೆ ಕೈಯಿಟ್ಟು, "ಏನಂದೆ ಮಗಳೇ?" ಎಂದು ನಗುನಗುತ್ತಾ ಕೇಳಿದ್ದು ಬಾಯಿಯ ಚಲನೆಯಿಂದ ನಮಗೆ ತಿಳಿಯಿತು. ಅವಳು ತಲೆ ಅಲ್ಲಾಡಿಸಿ ಹಿಂದೆ ಬಂದು ನನ್ನ ಕೈ ಹಿಡಿದಳು. ಮೊದಲ ವಾಲ್ಟ್ಸನ್ನು ನಾವಿಬ್ಬರೂ ಕುಣಿದೆವು, ಹಾಡು ಯಾರಿಗೂ ಕೇಳಿಸದಿದ್ದರೂ. ಎಂಜಿನ್ನು ಆರಿಸಿ, ಕೈ ತೊಳೆದುಕೊಂಡು, ಟೈ ಸರಿಮಾಡಿಕೊಂಡು ಯಜಮಾನರು ಬಂದಾಗ ಕುರ್ಚಿ ಖಾಲಿಯಿತ್ತು. ಅದರ ಮುಂದೆ ಮಂಡಿಯೂರಿ, ಕುರ್ಚಿಯ ಕೆಳಗೆ ಕೈಯಾಡಿಸಿ ಅವರು ಎತ್ತರದ ಶೂಗಾಗಿ ಹುಡುಕುತ್ತಿದ್ದರು.

ಏನಂದೆ ಎಂದು ಅವರು ಆಮೇಲೆ ಎಷ್ಟು ಸಲ ಕೇಳಿದರೂ ಅವಳು "ಏನಿಲ್ಲ ಪಪ್ಪಾ" ಎನ್ನುತ್ತಾಳೆ. ಕುಣಿಯುವಾಗ ನನ್ನ ಕಿವಿಗೆ ಬಾಯಿಯಿಟ್ಟು ಅವಳು ಆ ಮಾತನ್ನು ನನಗೆ ಹೇಳಿದ್ದಳು. ತಾವು ನುಂಗಿದ ಮಾತು ತಮ್ಮ ಹಿಂಬಾಯಿಯಿಂದ ಯಾವತ್ತಾದರೂ ಹೊರಬರಬಹುದೆಂದು ದಿನಾ ಬೆಳಿಗ್ಗೆ ಕಿವಿಗೊಟ್ಟು ಕಾದೆ, ಬರಲಿಲ್ಲ. ಆದ್ದರಿಂದ ಊರಿನ ಗಂಡಸರೆಲ್ಲ ನಿಂತು ಓದುವ ಈ ಬಾಗಿಲ ಮೇಲೆ, ತಮ್ಮ ಕ್ಷಮೆ ಕೋರಿ, ಅದನ್ನು ಬರೆಯುತ್ತಿದ್ದೇನೆ. ಅವಳು ಹೇಳಿದ್ದು: "ನಾನೇ ಹಾಕ್ಕೊಂಡೆ ಪಪ್ಪಾ. ನೀನು ನಿಧಾನಕ್ಕೆ ಮುಗಿಸ್ಕೊಂಡು ಬಾ."

ತಮ್ಮ ಉಸಿರು ಸದಾ ಸರಾಗವಾಗಿರಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಇವೆಲಿಸ್ಸೆ,
ಊಟದ ಮೇಜಿನ ಮಾಜಿ ಒಡತಿ

ವಿ.ಸೂ.: ಟರ್ಬೊಗೂ ತಮಗೂ ನಡುವೆ ಹೊಗೆ ಸೋರುತ್ತಿದೆ, ಅವಸರದಲ್ಲಿ ಆ ಸಂದಿಯನ್ನು ಮುಚ್ಚುವ ಗ್ಯಾಸ್ಕೆಟ್ಟು ಹಾಕುವುದೇ ಮರೆತುಹೋಗಿದೆ, ಅದು ಎಲ್ಲಿ ಬಿದ್ದಿದೆಯೋ ಎಂದು ಯಜಮಾನರೂ ಚಾಗೊನೂ ಮನೆಯನ್ನೆಲ್ಲ ಜಾಲಾಡುತ್ತಿದ್ದಾರೆ. ಅದು ನನ್ನ ಹತ್ತಿರ ಭದ್ರವಾಗಿದೆ. ಮಗಳ ಜೊತೆ ಒಂದು ವಾಲ್ಟ್ಸ್ ಪೂರ್ತಿಯಾಗಿ ಕುಣಿದವರಿಗೆ ಕೊಡಲಾಗುವುದು. ಒಪ್ಪಬೇಕಾದವಳು ಅವಳು, ಕೇಳಿ ನೋಡಲಿ.