ಕೆಂಪು ಗುಂಡಿ ಒತ್ತಿದ ಮೇಲೆ

ಎಲ್ಲಕ್ಕೂ ಕಾರಣ ಒಂದು ಸೀನು. ಬಂದರಿನ ರೇಡಿಯೋ ತಪಾಸಣೆಯವನು ಆ ಬೆಳಿಗ್ಗೆ ತನ್ನ ಅಕ್ಕನ ಗಂಡನ ಮೀನಿನ ಬೋಟಿನಲ್ಲಿ ಮಂಡಿಯೂರಿ ಕೂತಿದ್ದ. ಎದುರಿಗಿದ್ದದ್ದು, ಬೋಟು ಮುಳುಗುವಾಗ ಅದರ ಹೆಸರು, ಇರುವ ಜಾಗ ಎಲ್ಲವನ್ನೂ ರಕ್ಷಣಾ ಕೇಂದ್ರಕ್ಕೆ ಕಳಿಸುವ ರೇಡಿಯೋ ಪೆಟ್ಟಿಗೆ. ಟೆಸ್ಟ್ ಗುಂಡಿ ಒತ್ತುವುದು, ಹಸಿರು ದೀಪ ಹತ್ತಿದರೆ ಸಹಿ ಹಾಕುವುದು, ಇಷ್ಟೇ ಅವನ ಪದ್ಧತಿ. ಸಂದೇಶ ನಿಜಕ್ಕೂ ಹೊರಗೆ ಹೋಯಿತೇ ಎಂದು ನೋಡುವ ಯಂತ್ರವೊಂದು ಆಫೀಸಿನ ಬೀರುವಿನಲ್ಲಿತ್ತು. ಹನ್ನೆರಡು ಕಿಲೋ ಭಾರದ ಅದನ್ನು ಬೋಟಿನಿಂದ ಬೋಟಿಗೆ ಹೊರುವವರು ಯಾರು?

ಡೀಸೆಲ್ ವಾಸನೆಗೆ ಸೀನು ಬಂತು. ಬೆರಳು ಜಾರಿ ಪಕ್ಕದ ಕೆಂಪು ಗುಂಡಿಯ ಮೇಲೆ ಕೂತಿತು. ಪೆಟ್ಟಿಗೆ ಕುಂಯ್ ಕುಂಯ್ ಎಂದು ಶುರುವಿಟ್ಟುಕೊಂಡಿತು. ತಡಕಾಡಿ ಆರಿಸುವಷ್ಟರಲ್ಲಿ ಐದು ನಿಮಿಷ ಕಳೆದಿತ್ತು.

"ಭಾವ, ನಾವು ಮುಳುಗ್ತಿದ್ದೀವಿ ಅಂತ ಹೇಳ್ಬಿಟ್ಟೆ."

"ಯಾರಿಗೆ?"

"ಎಲ್ರಿಗೂ."

ಸುದ್ದಿ ಕೇಳಿ ಪಕ್ಕದ ಬೋಟಿನ ಇಂಜಿನ್ ಡ್ರೈವರ್ ಹಾರಿ ಬಂದ. "ಹಿಂದೆ ಒಬ್ರು ಹೀಗೇ ಮಾಡಿದ್ರು ಸಾರ್. ಈಗ ಗೋಡೌನ್ ಬಾಗಿಲು ಕಾಯ್ತಾರೆ."

"ಹೆಲಿಕಾಪ್ಟರ್ ಬರತ್ತೆ," ಎಂದ ದಡದಲ್ಲಿ ಬಲೆ ಹೊಲಿಯುತ್ತಿದ್ದ ಮುದುಕ. "ಒಣಗಿಹಾಕಿದ ಬಟ್ಟೆ ತೆಗೆದಿಡಿ."

ಹದಿನೆಂಟು ವರ್ಷದ ನೌಕರಿ ಕಣ್ಣೆದುರಿಗೇ ಹೋಗುವುದು ಕಂಡು ತಪಾಸಣೆಯವನು ತಲೆಯ ಮೇಲೆ ಕೈ ಹೊತ್ತು ಕೂತ. ಭಾವನಿಗೆ ಮರುಕ ಬಂತು. "ಬಂದವರಿಗೆ ಮುಳುಗ್ತಿರೋ ಬೋಟು ತೋರಿಸಿದ್ರಾಯ್ತು, ತಪ್ಪು ಯಾರದೂ ಆಗಲ್ಲ," ಎಂದು ಬಕೆಟ್ ಹಿಡಿದ. ಮೂವರೂ ಸೇರಿ ಬೋಟಿಗೆ ನೀರು ತುಂಬಿದರು. ಮೊಣಕಾಲುದ್ದ ನೀರಿನಲ್ಲಿ ಹಾಸಿಗೆ, ಚಪ್ಪಲಿ, ಈರುಳ್ಳಿ ಚೀಲ ಎಲ್ಲವೂ ತೇಲಿದವು. ಮಧ್ಯಾಹ್ನವಾದರೂ ಯಾರೂ ಬರಲಿಲ್ಲ.

ಕಾಯುವ ಸಂಕಟಕ್ಕಿಂತ ಒಪ್ಪಿಕೊಳ್ಳುವುದೇ ವಾಸಿ ಎನ್ನಿಸಿ ತಪಾಸಣೆಯವನು ರಕ್ಷಣಾ ಕೇಂದ್ರಕ್ಕೆ ಫೋನ್ ಮಾಡಿದ. "ಮೇಡಂ, ಬೆಳಿಗ್ಗೆ ಬಂದದ್ದು ತಪ್ಪು ಸಂದೇಶ."

"ಇಲ್ಲಿಗೆ ಯಾವ ಸಂದೇಶಾನೂ ಬಂದಿಲ್ಲವಲ್ಲ ಸಾರ್. ಬೆಳಿಗ್ಗೆಯಿಂದ ನಾನೇ ಕೂತಿದ್ದೀನಿ."

ದಡದಲ್ಲೆಲ್ಲ ನಗುವೋ ನಗು. ತಪಾಸಣೆಯವನೂ ಹೊಟ್ಟೆ ಹಿಡಿದು ನಕ್ಕ. ನಗುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ. ಐದು ನಿಮಿಷ ಕೂಗಿದ ಪೆಟ್ಟಿಗೆಯ ಕೂಗು ಬೋಟು ದಾಟಿ ಹೋಗಿರಲಿಲ್ಲ. ಅದು ಸರಿಯಾಗಿದೆ ಎಂದು ಮೂರು ವರ್ಷದಿಂದ ಸಹಿ ಹಾಕಿದವನು ತಾನೇ.

ಭಾವ ಒದ್ದೆ ಅಂಗಿ ಹಿಂಡುತ್ತ ತಪಾಸಣೆಯ ಕಾಗದ ಮುಂದೆ ಹಿಡಿದ. "ನೌಕರಿ ಉಳೀತಲ್ಲ, ಹಾಕು ಸಹಿ. ಹೋದ ವರ್ಷ ಬಿರುಗಾಳಿ ಎದ್ದಾಗ್ಲೂ ನಾನು ದಡಕ್ಕೆ ವಾಪಸ್ ಬರ್ದೆ ಸಮುದ್ರದಲ್ಲೇ ಇದ್ದೆ. ನೀನು ನೋಡಿದ ಪೆಟ್ಟಿಗೆ ಇದೆ, ಹೆದರ್ಬೇಡ ಅಂತ ನಿಮ್ಮಕ್ಕನಿಗೂ ಹೇಳಿದ್ದೆ."

ತಪಾಸಣೆಯವನು ಸಹಿ ಹಾಕದೆ ಕಾಗದ ಮಡಚಿಟ್ಟ. ಆ ಹೊತ್ತಿಗೆ ಸಮುದ್ರದಲ್ಲಿ ನಲವತ್ತೊಂದು ಬೋಟುಗಳಿದ್ದವು. ಎಲ್ಲದರ ಕಾಗದದಲ್ಲೂ ಬರೀ ಹಸಿರು ದೀಪ ನೋಡಿ ಹಾಕಿದ ಅವನದೇ ಸಹಿಯಿತ್ತು. ಅವನು ಮತ್ತೆ ಅದೇ ನಂಬರಿಗೆ ಫೋನ್ ಮಾಡಿದ.

"ಮೇಡಂ, ಆಗಲೇ ತಪ್ಪು ಸಂದೇಶ ಅಂದಿದ್ನಲ್ಲ. ಈಗ ನಿಜವಾದ್ದು ಹೇಳ್ತೀನಿ, ಬರ್ಕೊಳ್ಳಿ. ಮೊದಲು ನನ್ನ ಹೆಸರು ಬರೀರಿ."