ನನ್ನ ಸಣ್ಣ ಕರುಳು, ಮಗ್ಗಲ ಮನಿ ಹುಡುಗಿ ಲಗ್ನ

ಇತ್ತ ಸರೀರಿ. ಇನ್ನೊಂದೀಟು. ಬಾಗಲಾ ಮುಂದ ಮಾಡ್ರಿ. ಈಗ ಹೇಳೂದು ನಿಮ್ಮ ಸೊಸಿ ಮುಂದೂ ಆಡಬ್ಯಾಡ್ರಿ, ಸಂತ್ಯಾಗಂತೂ ಬಾಯಿ ಬಿಡಬ್ಯಾಡ್ರಿ, ನಿಮ್ಮ ಮನಿದೇವರ ಆಣಿ. ಯಾಕಂದ್ರ ಇದು ನನ್ನ ಸುದ್ದಿ. ಬ್ಯಾರೆಯವರದಾಗಿದ್ರ ನಾ ಇಷ್ಟು ಸಣ್ಣ ದನಿಲೆ ಯಾಕ ಹೇಳ್ತಿದ್ನಿ?

ಹೊಟ್ಟಿ ಅಂತ ಒಂದು ಇದ್ದ ಮ್ಯಾಲ ಇಂಥಾವು ಆಗೂವ, ಬಿಡ್ರಿ. ಆದ್ರ ನನ್ನ ಹೊಟ್ಟಿ ತನ್ನ ಪಾಡಿಗೆ ತಾ ಕೂಡಲಿಲ್ಲ. ಮಗ್ಗಲ ಮನಿ ಮೊಮ್ಮಗಳ ಲಗ್ನದಾಗ ಹೋಗಿ ಕಾಲ ಚಾಚಿತು. ಆ ಹುಡುಗಿ ಸಾಲಿ ಟೀಚರ್. ಮುದ್ದೇಬಿಹಾಳದ ಒಂದು ಮನಿತನ ಕೇಳಾಕ ಬಂದಿತ್ತು. ವರಾ ಛಲೋ, ಹುಡುಗಿ ಮನಸ್ಸಿಗೂ ಬಂದಿದ್ದ. ಅದು ಹೆಂಗ ಆತು ಅನ್ನೂದು ನನಗ ಇವತ್ತಿಗೂ ಹಳಹಳಿ.

ಎರಡ ಹೊತ್ತಿನ ಊಟ

ನನ್ನ ಹೊಟ್ಟಿ ಉಬ್ಬಾಕ ಹತ್ತಿ ಬಾಳ ದಿನ ಆಗಿತ್ತು. ಒಂದು ತುತ್ತು ಉಂಡ್ರ ಡೊಳ್ಳು. ಒಮ್ಮೆ ಭೇದಿ, ಒಮ್ಮೆ ಮಲಬದ್ಧ. ಮೈ ಇಳದು ಕುಬಸ ಸಡ್ಲಾತು, ಹೊಟ್ಟಿ ಮಾತ್ರ ಏರಾಕತ್ತಿತ್ತು. ಅಜವಾನ ತಿಂದ್ನಿ, ಹೊಕ್ಕಳಕ್ಕ ಹಿಂಗು ಹಚ್ಚಿದ್ನಿ, ಗ್ಯಾಸಿನ ಗುಳಿಗಿ ವರ್ಷಾನುಗಟ್ಟಲೆ ಪ್ರಸಾದದಂಗ ನುಂಗಿದ್ನಿ. ಕಡೀಕ ಸೊಸಿ ನನ್ನ ಸಿಂದಗಿಯಿಂದ ಬಿಜಾಪುರಕ್ಕ ಎಳಕೊಂಡು ಹೋದಳು.

ಡಾಕ್ಟರ್ ಸಣ್ಣ ವಯಸ್ಸಿನಾಂವ. "ಆಯಿ, ದಿನಕ್ಕ ಎಷ್ಟು ಸಲ ತಿಂತೀರಿ?" ಅಂದ.

"ಎರಡ ಹೊತ್ರಿ ಯಪ್ಪಾ. ಗುಬ್ಬಿ ತಿಂದಂಗ."

ಸೊಸಿ ಸುಮ್ಮ ಇರಬೇಕೋ ಬ್ಯಾಡೋ? "ನಮ್ಮ ಮನ್ಯಾಗ ಎರಡ ಹೊತ್ತು, ಖರೇ ಐತ್ರಿ. ಓಣ್ಯಾಗ ತಿನ್ನೂದು ಬ್ಯಾರೆ" ಅಂದಳು. ಟೇಲರ್ ಮನ್ಯಾಗ ಚಹಾ, ಮಾಸ್ತರ ಮನ್ಯಾಗ ಚುರಮರಿ ಸುಸಲಾ, ಮಗ್ಗಲ ಮನ್ಯಾಗ ಶೇಂಗಾ ಹೋಳಿಗಿ, ಅಲ್ಲಿಂದ ಎದ್ದು ಮತ್ತೊಂದು ಚಹಾ ಅಂತ ಎಲ್ಲಾ ಹರವಿ ಹಾಕಿದಳು.

ಡಾಕ್ಟರ್ ನಗಲಿಲ್ಲ. "ಊಟ ಊಟದ ನಡುವ ಕರುಳು ತನ್ನ ಕಸಾ ತಾನ ಹೊಡಕೋತೈತ್ರಿ ಆಯಿ. ನೀವು ಅದಕ್ಕ ಕಸಬರಗಿ ಹಿಡಿಯಾಕ ಬಿಡವಲ್ರಿ. ಅದರಾಗ ನಿಮಗ ಸಕ್ಕರಿ ಬ್ಯಾನಿ, ಕರುಳು ಮೊದಲ ಮಂದ. ದೊಡ್ಡ ಕರುಳಾಗ ಇರಬೇಕಾದ ಬ್ಯಾಕ್ಟೀರಿಯಾ ಸಣ್ಣ ಕರುಳಾಗ ಬೆಳದಾವ ಅಂತ ಕಾಣತೈತಿ. ನೀವು ತಿಂದಿದ್ದನ್ನ ನಿಮಗಿಂತ ಮೊದಲ ಅವ ತಿಂದು ಗ್ಯಾಸ್ ಮಾಡ್ತಾವ."

"ತಮ್ಮ ಜಾಗಾ ಬಿಟ್ಟು ಅಲ್ಲಿಗ್ಯಾಕ ಬಂದಾವ್ರಿ?" ಅಂದ್ನಿ.

ಸೊಸಿ ಕಿಡಕಿ ಕಡೆ ಮುಖಾ ಮಾಡಿ ಅಂದಳು, "ಮಂದಿ ಮನ್ಯಾಗ ಹೋಗಿ ತಿಂದು ಕುಂದ್ರೂದು ಅವಕ್ಕ ಯಾರು ಕಲಿಸ್ಯಾರೋ ಏನೋ."

ಊದಿದ್ದು

ಹೌದೋ ಅಲ್ಲೋ ನೋಡಾಕ ಒಂದು ಪರೀಕ್ಷೆ. ಹಿಂದಿನ ದಿನ ಬರೇ ಬಿಳಿ ಅನ್ನ, ಮರುದಿನ ಖಾಲಿ ಹೊಟ್ಟಿ. ಸಿಹಿ ನೀರು ಕುಡಿಸಿದರು, ಒಂದು ನಳಗಿ ಬಾಯಿಗೆ ಕೊಟ್ಟು "ಊದ್ರಿ ಆಯಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತ ಊದ್ರಿ. ಮತ್ತ ಊದ್ರಿ. ಹೊಟ್ಯಾಗಿನ ಗ್ಯಾಸ್ ಉಸಿರಿನ್ಯಾಗ ತಿಳೀತೈತಂತ. ಮಧ್ಯಾಹ್ನದ ಮಟಾ ಊದಿದ್ನಿ. ಒಲಿ ಊದಿದ್ರ ಅಷ್ಟೊತ್ತಿಗೆ ಅಡಿಗಿನರ ಆಗಿರ್ತಿತ್ತು.

ಹೆಂಡತಿನ್ನ ಕರಕೊಂಡು ಬಂದಿದ್ದ, ನಮ್ಮ ಓಣಿ ಗುರ್ತಿನ ಮೋರಟಗಿ ಊರಾಂವ ಒಬ್ಬ ಬಾಗಲದಾಗ ನಿಂತು ಇದನ್ನೆಲ್ಲಾ ನೋಡಿದ. ನಾವು ಸಿಂದಗ್ಯಾಗ ಬಸ್ ಇಳಿಯೂದರಾಗ ಅಂವನ ಫೋನಿನ್ಯಾಗ ಸುದ್ದಿ ಓಣಿ ಮುಟ್ಟಿತ್ತು: ಆಯಿ ಕುಡದಾಳಂತ ಹಿಡದು ಊದಿಸಾಕತ್ತಾರ, ಮಶೀನಿಗೆ ನಂಬಿಕಿ ಬರವಲ್ದು, ಮತ್ತ ಮತ್ತ ಊದಿಸಾಕತ್ತಾರ!

ಮಗ್ಗಲ ಮನಿ ಯಜಮಾನ್ತಿ, ಹುಡುಗಿ ಅಜ್ಜಿ, ಗ್ವಾಡಿ ಮ್ಯಾಲ ಮುಖಾ ಚಾಚಿ ಕೇಳಿದಳು, "ಅಕ್ಕಾ, ಏನರ ಜಡ್ಡು ಐತೇನಬೇ? ನನಗ ಹೇಳು."

ಆವಾಗ ಹೇಳಿದ್ರ ಮುಗದು ಹೋಗ್ತಿತ್ತು. ಆದ್ರ ನನಗ ನಮ್ಮ ಓಣಿ ಗೊತ್ತಿಲ್ಲೇನ್ರಿ? ಮುಂಜಾನೆ ಬ್ಯಾಕ್ಟೀರಿಯಾ ಅಂದ್ರ ಸಂಜೀಕ ಹುಳ ಆಗ್ತಾವ, ಮರುದಿನ ಹಾವಾಗ್ತಾವ. ಕುಡದಾಳ ಅಂದ್ರ ಮಂದಿ ನಗತಾರ, ಆದ್ರ ಮನಿಗೆ ಕರೀತಾರ. ಹೊಟ್ಯಾಗ ಹುಳ ಅಂದ್ರ ತಾಟ ಬ್ಯಾರೆ ಇಡ್ತಾರ.

"ಜಡ್ಡು ಎಲ್ಲೀದ ತಂಗಿ," ಅಂದ್ನಿ, "ಥಂಡಿ ಇತ್ತು, ಒಂದೀಟು ತಗೊಂಡಿದ್ನಿ."

ಇಂಡಿಯೊಳಗ ನಾ ಸ್ವಾಮಿ ಆಗಿದ್ದು

ಪರೀಕ್ಷೆದಾಗ ಡಾಕ್ಟರ್ ಹೇಳಿದ್ದ ಖರೇ ಆತು. ಗುಳಿಗಿ ಕೊಟ್ಟ. ಜೋಡಿಲೆ ಪಥ್ಯಾ. ಉಳ್ಳಾಗಡ್ಡಿ ಬ್ಯಾಡ, ಬಳ್ಳೊಳ್ಳಿ ಬ್ಯಾಡ, ಹಾಲು ಬ್ಯಾಡ, ಕಡ್ಲಿ ಬ್ಯಾಳಿ ಬ್ಯಾಡ, ಗೋದಿ ಬ್ಯಾಡ, ನಡುವ ಬಾಯಾಡಿಸೂದಂತೂ ಬ್ಯಾಡ. ಜ್ವಾಳದ ರೊಟ್ಟಿ ನಡೀತೈತಿ ಅಂದ, ಅಷ್ಟ ಪುಣ್ಯಾ. ಬಳ್ಳೊಳ್ಳಿ ಇಲ್ಲದ ಖಾರಾ ಹಚ್ಚಿ ರೊಟ್ಟಿ ತಿಂದ್ರ ಸತ್ತವರ ಮನ್ಯಾಗ ಉಂಡಂಗ ಅನಸ್ತಿತ್ತು.

ಆ ದಿನದಾಗ ಇಂಡಿಗೆ ನಮ್ಮ ಅಕ್ಕನ ಮನಿಗೆ ಹೋದ್ನಿ. ಬದನಿಕಾಯಿ ಎಣಗಾಯಿ ಮಾಡಿದ್ಲು, ನಾ ತಾಟ ಸರಿಸಿದ್ನಿ. "ಉಳ್ಳಾಗಡ್ಡಿ ಬಳ್ಳೊಳ್ಳಿ ಬಿಟ್ಟೀಯಾ? ಯಾವ ಸ್ವಾಮ್ಯಾರ ಕಡೆ ದೀಕ್ಷಾ ತಗೊಂಡಿ?" ಅಂದಳು. ನಾ ಉತ್ತರ ಹುಡುಕೂದರಾಗ ಹೊಟ್ಟಿ ಗುಡು ಗುಡು ಅಂತು, ತಡಕೊಳ್ಳಾಕ ಕಣ್ಣ ಮುಚ್ಚಿದ್ನಿ. ಅಕ್ಕ ಅದನ್ನ ಧ್ಯಾನ ಅಂತ ತಿಳಕೊಂಡಳು. ನನಗಿಂತ ಹಿರ್ಯಾಕಿ, ಜನ್ಮದಾಗ ನನ್ನ ಮಾತಿಗೆ ಬೆಲಿ ಕೊಟ್ಟಾಕಿ ಅಲ್ಲ. ಸೆರಗ ಹೊತ್ತು ಬಂದು ಕಾಲಿಗೆ ಬಿದ್ದಳು.

ಏಳು ಅನ್ನಲಿಲ್ಲ ನಾ. ಸ್ವಲ್ಪ ಹೊತ್ತು ಹಂಗ ಇರಲಿ ಅಂತ ಬಿಟ್ನಿ.

ಹೆಣ್ಣ ನೋಡಾಕ ಬಂದವರು

ಗುಳಿಗಿ ಮುಗೀತು, ಹೊಟ್ಟಿ ಇಳೀತು, ನಾ ಮತ್ತ ಓಣಿ ಹಿಡದ್ನಿ, ಹೊಟ್ಟಿ ಮತ್ತ ಏರಿತು. ಈ ಬ್ಯಾನಿ ಹೊಳ್ಳಿ ಹೊಳ್ಳಿ ಬರೂದಂತ. ಡಾಕ್ಟರ್ ಮತ್ತ ಗುಳಿಗಿ ಚಾಲೂ ಮಾಡಿ, ಸೊಸಿಗೆ ಕಾವಲ ಕಾಯಾಕ ಹೇಳಿದ. ಮಂದಿ ಮನ್ಯಾಗ ಚಹಾ ಮುಟ್ಟದಾಕಿ ಎಷ್ಟೊತ್ತು ಕುಂದ್ರಬೇಕ್ರಿ? ಒಂದೊಂದ ಮನಿ ಬಾಗಲಾ ತಪ್ಪಿತು. ಸುದ್ದಿ ಇಲ್ಲದ ಬಾಯಿ ಬಾಡಿ ಹೋತು.

ಅಂಥಾದ್ರಾಗ ಮುದ್ದೇಬಿಹಾಳದವರು ಹೆಣ್ಣ ನೋಡಾಕ ಬಂದರು. ನಮ್ಮ ಕಡೆ ಬಲ್ಲವರು ಹೆಣ್ಣಿನ ಮನಿಯವರ ಮಾತ ಕೇಳಂಗಿಲ್ಲ, ಮಗ್ಗಲ ಮನಿಯವರ ಮುಖಾ ನೋಡ್ತಾರ. ಅದಕ್ಕ ಯಜಮಾನ್ತಿ ನನ್ನ ಕೈ ಹಿಡದು ಹೇಳಿದಳು, "ಅಕ್ಕಾ, ನೀ ಬಂದು ನಡುವ ಕುಂದ್ರು. ಹುಡುಗಿ ಬಗ್ಗೆ ನಾಕ ಮಾತ ನಿನ್ನ ಬಾಯಿಲೆ ಬಂದ್ರ ತೂಕ."

ಹೋದ್ನಿ, ಕುಂತ್ನಿ. ಉಳ್ಳಾಗಡ್ಡಿ ಹಾಕಿದ ಅವಲಕ್ಕಿ ಬಂತು, ಒಲ್ಲೆ ಅಂದ್ನಿ. ಶಿರಾ ಬಂತು, ಒಲ್ಲೆ. ಚಹಾ ಬಂತು, ಒಲ್ಲೆ. ವರನ ಅಜ್ಜಿ ಬಾಳ ಚುರುಕು ಹೆಣಮಗಳು, ನನ್ನ ಖಾಲಿ ಕೈ ನೋಡಿದಳು. ಮಗ್ಗಲ ಮನಿಯಾಕಿ ಈ ಮನ್ಯಾಗ ಚಹಾನೂ ಮುಟ್ಟಂಗಿಲ್ಲ ಅಂದ್ರ ಏನರ್ಥ?

ಆಮ್ಯಾಲ ನೆಟ್ಟಗ ಕೇಳಿದಳು, "ಅಕ್ಕಾರ, ನೀವ ಹೇಳ್ರಿ. ಹುಡುಗಿ ಹೆಂಗದಾಳ್ರಿ?"

ಎಲ್ಲಾರ ಕಣ್ಣೂ ನನ್ನ ಮ್ಯಾಲ. ಬಾಯಿ ತಗದ್ನಿ. ಅದ ಗಳಿಗಿಗೆ ಒಳಗ ಗಾಳಿ ಎದ್ದಿತು ನೋಡ್ರಿ, ತಡಿಯೂ ಗಾಳಿ ಅಲ್ಲ ಅದು. ಒಂದು ಮಾತಾಡಿದ್ರ ಮಾತಿನ ಸಂಗಾಟ ಅದೂ ಬರೂದು. ತುಟಿ ಬಿಗಿ ಹಿಡದ್ನಿ, ಸೆರಗ ಬಾಯಿಗೆ ಒತ್ತಿದ್ನಿ, ಎದ್ದು ಹಿತ್ತಲಕ್ಕ ಓಡಿದ್ನಿ.

ಹೊಳ್ಳಿ ಬರೂದರಾಗ ಅವರು ಚಪ್ಪಲಿ ಹಾಕ್ಕೊಳಾಕತ್ತಿದ್ದರು. "ವಿಚಾರ ಮಾಡಿ ಹೇಳಿ ಕಳಸ್ತೇವ್ರಿ" ಅಂದರು. ಆ ಅಜ್ಜಿ ಹೋಗೂ ಮುಂದ ಅಂದದ್ದು ನಾ ಕಿವಿಲೆ ಕೇಳೇನಿ: "ಊರ ಮಂದಿದೆಲ್ಲಾ ಆಡೂ ಬಾಯಿ ಅಂತ ಕೇಳಿದ್ದೆ. ಆ ಬಾಯಿನ ಮುಚ್ಚಿಕೊಂಡು ಓಡಿತಂದ್ರ, ಹುಡುಗಿದು ಎಂಥಾದ್ದಿರಬೇಕು!"

ಒಂದ ತಾಟಿನಾಗ

ಹುಡುಗಿ ಮರುದಿನ ಸಾಲಿಗೆ ಹ್ವಾದಳು, ನನ್ನ ಕಡೆ ನೋಡಲಿಲ್ಲ. ಸಣ್ಣಾಕಿದ್ದಾಗ ನನ್ನ ತೊಡಿ ಮ್ಯಾಲ ಉಂಡ ಕೂಸು. ನನಗ ರೊಟ್ಟಿ ಇಳೀಲಿಲ್ಲ. ಯಾರಿಗೂ ಹೇಳದ ಬಸ್ ಹತ್ತಿದ್ನಿ. ಬಸವನ ಬಾಗೇವಾಡ್ಯಾಗ ಇಳದು ಇನ್ನೊಂದು ಬಸ್ ಹಿಡದು ಮುದ್ದೇಬಿಹಾಳಕ್ಕ ಹೋಗಿ, ವರನ ಅಜ್ಜಿ ಮುಂದ ಕುಂತು ಎಲ್ಲಾ ಬಿಚ್ಚಿ ಹೇಳಿದ್ನಿ. ಕರುಳು, ಬ್ಯಾಕ್ಟೀರಿಯಾ, ಊದಿದ್ದು, ಗುಳಿಗಿ, ಹಿತ್ತಲಕ್ಕ ಓಡಿದ್ದು, ಏನೂ ಬಿಡಲಿಲ್ಲ. "ಹುಡುಗಿ ಬಂಗಾರ, ಮನಿತನ ಬಂಗಾರ. ಕೆಟ್ಟದ್ದು ನನ್ನ ಹೊಟ್ಟಿ ಒಂದ್ರಿ ಅಕ್ಕಾರ" ಅಂದ್ನಿ.

ಆಕಿ ನಕ್ಕಳು, ನಕ್ಕು ನಕ್ಕು ಕಣ್ಣ ಒರಸಿಕೊಂಡಳು. ನನ್ನ ಎದಿ ಹಗುರಾತು. ಲಗ್ನ ಕೂಡ್ತು ಅಂತ ಎದ್ದ ನಿಂತ್ನಿ.

"ಅಲ್ಲ ಅಕ್ಕಾರ, ಆ ಹೊಟ್ಯಾಗಿನ ಬ್ಯಾಕ್ಟೀರಿಯಾ ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲಲ್ರಿ?" ಅಂದಳು.

"ಇಲ್ರಿ. ಡಾಕ್ಟರ್ ಹೇಳ್ಯಾರ, ಹತ್ತೂ ಜಡ್ಡಲ್ಲ."

"ಆ ಹುಡುಗಿ ನಿಮ್ಮ ಮನ್ಯಾಗ ಉಂಡ ಬೆಳದಾಳೇನ್ರಿ?"

ಅಷ್ಟಕ್ಕ ಬಾಯಿ ಮುಚ್ಚಿದ್ರ ನಾ ನಾನ ಅಲ್ಲ. ಅಭಿಮಾನ ಉಕ್ಕಿ ಬಂತು. "ಉಂಡಾಳೇನಂತ ಕೇಳ್ತೀರೇನ್ರಿ? ನಾನೂ ಅಕೀನೂ ಒಂದ ತಾಟಿನಾಗ್ರಿ!"

ವಾರ ತುಂಬೂದರಾಗ ಮುದ್ದೇಬಿಹಾಳದಿಂದ ಮಗ್ಗಲ ಮನಿಗೆ ಫೋನ್ ಬಂತು. ಹುಡುಗಿ ಮ್ಯಾಲ ಏನೂ ಸಂಶೇ ಇಲ್ಲ, ಬಾಳ ಛಲೋ ಹುಡುಗಿ, ಆದ್ರ ನಿಮ್ಮ ಮಗ್ಗಲ ಮನಿ ಆಯಿನ ಬಂದು ಎಲ್ಲಾ ಖರೇ ಹೇಳ್ಯಾರ, ಆ ಓಣ್ಯಾಗಿನ ಮಂದಿಗೆ ಹೊಟ್ಯಾಗ ಹುಳ ಆಗ್ತಾವಂತ, ನಮಗ ಬ್ಯಾಡ.

ಯಜಮಾನ್ತಿ ಈ ಸಲ ಗ್ವಾಡಿ ಮ್ಯಾಲಿಂದ ಮಾತಾಡಲಿಲ್ಲ. ಸುತ್ತ ಹಾಕಿ ನನ್ನ ಪಡಸಾಲಿಗೆ ಬಂದಳು. ಬೈಲಿಲ್ಲ. ಕಣ್ಣಾಗ ನೀರ ಇತ್ತು. ನನ್ನ ಮುಖಾ ನೋಡಿಕೋತ ಅಂದಳು:

"ಅಕ್ಕಾ, ಇಷ್ಟು ವರ್ಷ ಬರೇ ಸುಳ್ಳ ಹೇಳಿದಿ, ಒಂದು ಲಗ್ನಾನೂ ಮುರೀಲಿಲ್ಲ. ಜನ್ಮದಾಗ ಒಮ್ಮೆ ಖರೇ ಹೇಳಾಕ ಹ್ವಾದಿ, ಅದಕ್ಕ ನನ್ನ ಮೊಮ್ಮಗಳ ಸಿಗಬೇಕಾಗಿತ್ತೇನ?"